ಕಿಟಕಿಯ ಕೆಳಗಿನ ವ್ಯಾಯಾಮ

ಹಾಲು ತರುವುದಕ್ಕೆ ತನಗೆ ಅರ್ಧ ಗಂಟೆ ಏಕೆ ಬೇಕಾಗುತ್ತದೆ ಎಂಬುದು ಒಂದು ದಿನ ಯಾರಿಗಾದರೂ ಗೊತ್ತಾಗಿಬಿಟ್ಟರೆ?

ಬೆಳಗ್ಗೆ ಪೂರ್ತಿ ಕಣ್ಣು ಬಿಡುವ ಮೊದಲೇ ಮೆಲ್ಲಿಯ ಎದೆಯ ಮೇಲೆ ಬಂದು ಕೂರುತ್ತಿದ್ದ ಚಿಂತೆ ಇದು. ಹಲ್ಲುಜ್ಜುವಾಗ ಕನ್ನಡಿಯೊಳಗಿನ ಮುಖಕ್ಕೆ ಅವಳು ಪಿಸುಗುಟ್ಟಿ ಮಾತು ಕೊಡುತ್ತಿದ್ದಳು: "ಇವತ್ತೊಂದು ದಿನ ಸುತ್ಕೊಂಡು ಹೋಗ್ತೀನಿ. ನಾಳೆಯಿಂದ ನೆಟ್ಟಗೆ." ಪದವಿ ಮುಗಿದಂದಿನಿಂದ ಇದೇ ಮಾತನ್ನು ಕೇಳುತ್ತ ಬಂದಿದ್ದ ಆ ಮುಖ ಈಗೀಗ ನಂಬಿದಂತೆ ನಟಿಸುವುದನ್ನೂ ಬಿಟ್ಟಿತ್ತು.

ಮೆಲ್ಲಗೆ ಮಾತಾಡುತ್ತಾಳೆಂದು ಮನೆಯವರು ಇಟ್ಟ ಹೆಸರು ಮೆಲ್ಲಿ. ನಿಜ ಹೇಳಬೇಕೆಂದರೆ ಅವಳು ಮೆಲ್ಲಗೂ ಮಾತಾಡುತ್ತಿರಲಿಲ್ಲ. ಯಾರು ಏನು ಕೇಳಿದರೂ ಅವಳ ಬಾಯಿಂದ ಬರುತ್ತಿದ್ದದ್ದು ಒಂದೇ ಉತ್ತರ: "ಹೂಂ." ಸರಿಯಾದ ಉತ್ತರ, ಅದೂ ಎಂಥವರೂ ತಲೆದೂಗುವಂಥ ಉತ್ತರ, ಬರುತ್ತಿರಲಿಲ್ಲವೆಂದಲ್ಲ. ಬರುತ್ತಿತ್ತು, ಸಂಜೆಯ ಹೊತ್ತಿಗೆ, ಬಟ್ಟೆ ಮಡಚುವಾಗ.

ಹಾಲಿನ ಅಂಗಡಿ ಅವರದೇ ಬೀದಿಯ ಕೊನೆಯಲ್ಲಿತ್ತು. ಗೇಟಿನಲ್ಲಿ ನಿಂತರೆ ಅಂಗಡಿಯವನು ಆಕಳಿಸುವುದು ಕಾಣುವಷ್ಟು ಹತ್ತಿರ. ಆದರೆ ಆ ಗೇಟಿಗೂ ಆ ಆಕಳಿಕೆಗೂ ನಡುವೆ ಮೂರು ವರಾಂಡಗಳಿದ್ದವು, ಮೂರರಲ್ಲೂ ಮನುಷ್ಯರಿದ್ದರು, ಮೂವರಿಗೂ ಬಾಯಿಯಿತ್ತು.

ಮೊದಲನೆಯದು ಹೊಲಿಗೆ ಅತ್ತೆಯದು. ಯಾರಿಗೂ ಅತ್ತೆಯಲ್ಲದ, ಆದ್ದರಿಂದ ಇಡೀ ಬೀದಿಗೇ ಅತ್ತೆಯಾಗಿದ್ದ ಆಕೆ ಕತ್ತಿಗೆ ಟೇಪು ನೇತುಹಾಕಿಕೊಂಡು ಮಿಷನ್ನಿನ ಮುಂದೆ ಕೂತಿರುತ್ತಿದ್ದಳು. ಹೋಗುವವರ ಸುತ್ತಳತೆಯನ್ನು ಕಣ್ಣಲ್ಲೇ ತೆಗೆದು, "ಏನೇ, ಇಳಿದು ಹೋಗಿದೀಯಲ್ಲ! ಮನೇಲಿ ಏನಾದ್ರೂ ಬೇಜಾರಾ?" ಎಂದು ಬೀದಿಯ ಆಚೆ ಬದಿಗೂ ಕೇಳುವಂತೆ ವಿಚಾರಿಸುತ್ತಿದ್ದಳು. ಎರಡನೆಯದು ನಿವೃತ್ತ ಲೆಕ್ಕದ ಮೇಷ್ಟ್ರದು. ಅವರದು ಒಂದೇ ಪ್ರಶ್ನೆ: "ಡಿಗ್ರಿ ಆಯ್ತು. ಮುಂದೆ?" ಮೂರನೆಯದು ವಿಮೆ ಮಾವನದು. ಅಮ್ಮನ ದೂರದ ಅಣ್ಣನಾದ ಈತ ಯಾರನ್ನು ಕಂಡರೂ ಅವರು ಸತ್ತ ಮೇಲೆ ಮನೆಯವರಿಗೆ ಆಗುವ ಅನುಕೂಲಗಳನ್ನು ಪ್ರೀತಿಯಿಂದ ವಿವರಿಸುತ್ತಿದ್ದ.

ಹೀಗಾಗಿ ಮೆಲ್ಲಿ ಗೇಟು ದಾಟಿ ಬಲಕ್ಕೆ ಹೋಗುವ ಬದಲು ಎಡಕ್ಕೆ ತಿರುಗುತ್ತಿದ್ದಳು. ಆಟದ ಮೈದಾನದ ಬೇಲಿ, ನೀರಿನ ಟ್ಯಾಂಕಿನ ಬುಡ, ಹಿಂದಿನ ಓಣಿ ಎಲ್ಲವನ್ನೂ ಹಾದು, ಯಾವುದೋ ಪರವೂರಿನಿಂದ ಬಂದವಳಂತೆ ಹಾಲಿನ ಅಂಗಡಿಯನ್ನು ಹಿಂಬದಿಯಿಂದ ತಲುಪುತ್ತಿದ್ದಳು. ಸಾಲು ಬಲು ಉದ್ದ ಇರುತ್ತದೆ ಎಂದು ಮನೆಯಲ್ಲಿ ಹೇಳಿದ್ದಳು. ಅದನ್ನು ನಂಬಿ ಅಮ್ಮ ಒಂದು ಸಲ ಅಂಗಡಿಗೇ ಹೋಗಿ, "ಹೆಣ್ಣುಮಗೂನ ಅಷ್ಟೊತ್ತು ನಿಲ್ಲಿಸ್ತೀಯಲ್ಲ, ನಾಚಿಕೆ ಆಗಲ್ವೇನಯ್ಯಾ?" ಎಂದು ಬೈದು ಬಂದಿದ್ದಳು. ಗಿರಾಕಿ ಇಲ್ಲದೆ ನೊಣ ಹೊಡೆಯುತ್ತಿದ್ದ ಅಂಗಡಿಯವನು ಆ ಮಾತಿನ ಅರ್ಥವನ್ನು ಇನ್ನೂ ಹುಡುಕುತ್ತಿದ್ದ.

ಹಿಂದಿನ ಓಣಿಯಲ್ಲೂ ಅಪಾಯಗಳಿರಲಿಲ್ಲವೇ? ಇದ್ದವು. ಹೊಲಿಗೆ ಅತ್ತೆಗೆ ಎರಡು ಮಿಷನ್ನುಗಳಿದ್ದವು; ಅಂಚು ಹೊಲಿಯುವ ಮಿಷನ್ನು ಹಿತ್ತಿಲ ಕೋಣೆಯ ಕಿಟಕಿಯ ಬಳಿ. ಆ ಕಿಟಕಿಯ ಕೆಳಗೆ ಮೆಲ್ಲಿ ಸೊಂಟ ಬಗ್ಗಿಸಿ, ಅದರ ಕೆಳ ಅಂಚಿಗಿಂತ ತಲೆ ಮೇಲೇಳದಂತೆ ಸಾಗುತ್ತಿದ್ದಳು. ಮುಂದೆ ತಿರುವಿನಲ್ಲಿ ವಿಮೆ ಮಾವನ ಸ್ಕೂಟರಿನ ಸದ್ದು ಕೇಳಿದರೆ ದೀಪದ ಕಂಬದ ಹಿಂದೆ ಕೈಗಳನ್ನು ಮೈಗೆ ಒತ್ತಿಕೊಂಡು ಉಸಿರು ಬಿಗಿಹಿಡಿದು ನಿಲ್ಲುತ್ತಿದ್ದಳು. ಮೇಷ್ಟ್ರು ಮಹಡಿಯ ಮೇಲೆ ಗಿಡಗಳಿಗೆ ನೀರು ಹಾಕುತ್ತಿದ್ದರೆ ಅವರಿಗೆ ಮುಖ ಕಾಣದಂತೆ ಓಣಿಯ ಕೊನೆಯವರೆಗೆ ಹಿಂದುಹಿಂದಾಗಿ ನಡೆಯುತ್ತಿದ್ದಳು. ಇದೆಲ್ಲವೂ ಕೈಯಲ್ಲಿ ಹಾಲಿನ ಚೀಲ ಹಿಡಿದುಕೊಂಡು.

ಇಷ್ಟು ವ್ಯವಸ್ಥಿತವಾದ ಜೀವನ ಹಾಳಾದದ್ದು ನಗರ ಪಾಲಿಕೆಯಿಂದ.

ಊರಿನ ಜನ ಕೂತಲ್ಲೇ ಕೂತು ದಪ್ಪಗಾಗುತ್ತಿದ್ದಾರೆ ಎಂಬ ವಿಷಯ ಪಾಲಿಕೆಯ ಸಭೆಯಲ್ಲಿ ಚರ್ಚೆಗೆ ಬಂದಿತ್ತು. ಸದಸ್ಯರು ಆರಾಮ ಕುರ್ಚಿಗಳಲ್ಲಿ ಕೂತು ಮಧ್ಯಾಹ್ನದವರೆಗೆ ಕಳವಳಪಟ್ಟು 'ಚುರುಕು ನಗರ' ಎಂಬ ಯೋಜನೆಗೆ ಒಪ್ಪಿಗೆ ಕೊಟ್ಟರು. ಪ್ರತಿ ವಾರ್ಡಿನಲ್ಲೂ, ಯಾರ ಒತ್ತಾಯವೂ ಇಲ್ಲದೆ ಸ್ವಂತ ಮನಸ್ಸಿನಿಂದ ಮೈ ಬಗ್ಗಿಸುವ ಒಬ್ಬ ನಾಗರಿಕರನ್ನು ಹುಡುಕಬೇಕು, ಅವರನ್ನು ಉಳಿದವರಿಗೆ ಮಾದರಿಯಾಗಿ ನಿಲ್ಲಿಸಬೇಕು ಎಂದು ತೀರ್ಮಾನವಾಯಿತು. ಹುಡುಕುವ ಕೆಲಸ ಒಳಚರಂಡಿ ವಿಭಾಗದಿಂದ ವರ್ಗವಾಗಿ ಬಂದ ಅಧಿಕಾರಿಯ ಪಾಲಿಗೆ ಬಿತ್ತು. ಅವರು ಸ್ಥೂಲಕಾಯದವರು, ನಡೆಯುವ ಜನರನ್ನು ಹುಡುಕಲು ಜೀಪಿನಲ್ಲಿ ಓಡಾಡಿದರು. ವಾರವಿಡೀ ಸುತ್ತಿದರೂ ಬಸ್ಸು ಹಿಡಿಯಲು ಓಡುವವರು, ನಾಯಿಯೇ ಎಳೆದುಕೊಂಡು ಹೋಗುತ್ತಿದ್ದವರು ಬಿಟ್ಟರೆ ಸ್ವಂತ ಮನಸ್ಸಿನವರು ಯಾರೂ ಸಿಗಲಿಲ್ಲ.

ಆಗ ಹಿಂದಿನ ಓಣಿಯ ಬಾಯಲ್ಲಿ, ಜೀಪಿನ ಗಾಜಿನ ಆಚೆ, ಅವರಿಗೆ ಮೆಲ್ಲಿ ಕಂಡಳು. ಬಗ್ಗಿದಳು. ಕಂಬದ ಹಿಂದೆ ನಿಂತಳು. ಹಿಂದುಹಿಂದಾಗಿ ನಡೆದಳು. ಮರುದಿನವೂ ಅದೇ. ಅಧಿಕಾರಿ ಹಾಲಿನ ಅಂಗಡಿಯಲ್ಲಿ ವಿಚಾರಿಸಿದರು.

"ಆ ಹುಡುಗೀನಾ? ಅದೋ, ಆ ಹಸಿರು ಗೇಟಿನ ಮನೆಯವಳು," ಎಂದ ಅಂಗಡಿಯವನು.

ಅಧಿಕಾರಿ ಹಸಿರು ಗೇಟನ್ನು ನೋಡಿದರು. ಅಂಗಡಿಯನ್ನು ನೋಡಿದರು. ಮತ್ತೆ ಗೇಟನ್ನು ನೋಡಿದರು. ಅವರ ಕಣ್ಣು ತುಂಬಿ ಬಂತು.

ಅದೇ ದಿನ ಸಂಜೆ ಅವರು ಮನೆಗೆ ಬಂದರು. ಸರ್ಕಾರಿ ಜೀಪು ನಿಂತದ್ದು ನೋಡಿ ಮೂರು ವರಾಂಡಗಳೂ ಅವರ ಹಿಂದೆಯೇ ಬಂದವು. ಅಪ್ಪ ಆಗಷ್ಟೇ ಕನ್ನಡಕದ ಅಂಗಡಿಯಿಂದ ಬಂದು, ದಿನವೆಲ್ಲ ಗಾಜು ಉಜ್ಜಿದ ಕೈಯನ್ನು ತೊಳೆಯುತ್ತಿದ್ದರು. ಚರಂಡಿ ಕಟ್ಟಿಕೊಂಡಿದೆಯೆಂದು ಯಾರೋ ದೂರು ಕೊಟ್ಟಿರಬೇಕೆಂದುಕೊಂಡು ಅಮ್ಮ ಮೊದಲೇ ಮಾತು ಶುರುಮಾಡಿದಳು: "ನಮ್ದಲ್ಲ ಸಾರ್, ಪಕ್ಕದ್ಮನೆಯವರ್ದು."

"ತಾಯಿ, ನಾನು ಬಂದಿರೋದು ನಿಮ್ಮ ಮಗಳನ್ನ ನೋಡೋಕೆ," ಎಂದರು ಅಧಿಕಾರಿ. "ಇಷ್ಟು ವರ್ಷ ಚರಂಡಿ ನೋಡಿದೋನು ನಾನು. ಹರೀದೆ ನಿಂತಿದ್ದೆಲ್ಲ ಕೊನೆಗೆ ಏನಾಗುತ್ತೆ ಅಂತ ನಂಗೊತ್ತು. ಇಡೀ ಊರೇ ನಿಂತುಬಿಟ್ಟಿದೆ. ಹರೀತಿರೋದು ಒಬ್ಬಳೇ, ಈ ಹುಡುಗಿ! ಹಾಲಿನಂಗಡಿ ಇಲ್ಲೇ ಕಣ್ಣೆದುರಿಗಿದೆ. ಆದ್ರೂ ದಿನಾ ಇಡೀ ಬಡಾವಣೆ ಸುತ್ತಿ ಹೋಗ್ತಾಳೆ. ಯಾಕೆ? ಆರೋಗ್ಯಕ್ಕೆ!"

ಅಮ್ಮ ಮೆಲ್ಲಿಯತ್ತ ತಿರುಗಿದಳು. "ಸಾಲು ಉದ್ದ ಇರತ್ತೆ ಅಂತಿದ್ದೆಯಲ್ಲೇ?"

"ಹೇಳ್ಕೊಳ್ಳೋ ಸ್ವಭಾವ ಇಲ್ಲ ಅಮ್ಮ, ದೊಡ್ಡ ಗುಣ," ಎಂದರು ಅಧಿಕಾರಿ. "ಏನಮ್ಮಾ, ದಿನಾ ನೀನೇ ಇಷ್ಟಪಟ್ಟು ಮಾಡ್ತೀಯ ತಾನೆ?"

ಈಗ ನಿಜ ಹೇಳಬೇಕಿತ್ತು. ಅವಳು ಬಾಯಿ ತೆರೆದಳು. ಅಧಿಕಾರಿಯ ಭುಜದ ಹಿಂದೆ ಹೊಲಿಗೆ ಅತ್ತೆಯ ಟೇಪು, ಮೇಷ್ಟ್ರ ಕನ್ನಡಕ, ವಿಮೆ ಮಾವನ ಚರ್ಮದ ಚೀಲ ಸಾಲಾಗಿ ನಿಂತಿದ್ದವು. 'ಇವರಿಂದ ತಪ್ಪಿಸ್ಕೊಳ್ಳೋಕೆ ಸಾರ್' ಎನ್ನುವುದು ಹೇಗೆ, ಅದೂ ಇವರ ಮುಖದೆದುರು?

"ಹೂಂ," ಎಂದಳು ಮೆಲ್ಲಿ.

ಇಡೀ ವರಾಂಡ ಚಪ್ಪಾಳೆ ತಟ್ಟಿತು.

"ನಾನು ಇದನ್ನ ನಿನ್ನ ಏಳನೇ ಕ್ಲಾಸಲ್ಲೇ ಊಹಿಸಿದ್ದೆ," ಎಂದರು ಮೇಷ್ಟ್ರು. "ಇಂಥವ್ರ ಪ್ರೀಮಿಯಂ ಬಹಳ ಕಮ್ಮಿ ಬರತ್ತೆ," ಎಂದು ವಿಮೆ ಮಾವ ಮೆಚ್ಚಿಕೊಂಡ. ಹೊಲಿಗೆ ಅತ್ತೆ ಮಾತ್ರ ಹತ್ತಿರ ಬಂದು ಮೆಲ್ಲಿಯ ಗಲ್ಲ ಹಿಡಿದಳು. "ಅಯ್ಯೋ ಬಂಗಾರಿ, ಇಷ್ಟು ದಿನ ಒಬ್ಬಳೇ ನಡೆದ್ಯಾ? ನಾವೆಲ್ಲ ಇದ್ವಲ್ಲೇ! ನಾಳೆಯಿಂದ ನಿನ್ನ ಜೊತೆ ನಾವೂ ಬರ್ತೀವಿ."

ಯಾರಿಂದ ಅರೆ ನಿಮಿಷ ತಪ್ಪಿಸಿಕೊಳ್ಳಲು ಅರ್ಧ ಗಂಟೆ ನಡೆಯುತ್ತಿದ್ದಳೋ ಆ ಮೂವರೂ ಮರುದಿನ ಬೆಳಕು ಹರಿಯುತ್ತಿದ್ದಂತೆ ಗೇಟಿನಲ್ಲಿ ಹಾಜರಿದ್ದರು. ಅತ್ತೆ ಅವಳಿಗೆಂದೇ ಹೊಲಿದ ಟ್ರ್ಯಾಕ್‌ಸೂಟನ್ನೂ ತಂದಿದ್ದಳು. ಬಣ್ಣ ಕಿತ್ತಳೆ. ಮಂಜಿನಲ್ಲೂ ದೂರದಿಂದ ಕಾಣಲಿ ಎಂಬ ಕಾಳಜಿಯಿಂದ ಬೆನ್ನಿಗೆ ಹೊಳೆಯುವ ಪಟ್ಟಿ ಬೇರೆ. ಕಾಣದಂತೆ ಬದುಕುವುದನ್ನೇ ಕಸುಬು ಮಾಡಿಕೊಂಡಿದ್ದ ಹುಡುಗಿ ಅದನ್ನು ತೊಟ್ಟು, ರಸ್ತೆ ರಿಪೇರಿಯ ಫಲಕದಂತೆ ಬೀದಿಗಿಳಿದಳು.

ಅಂದು ಮೇಷ್ಟ್ರು ಮೈದಾನದ ಬೇಲಿಯುದ್ದಕ್ಕೂ "ಮುಂದೆ?" ಎಂದು ಕೇಳಿದರು. ವಿಮೆ ಮಾವ ನೀರಿನ ಟ್ಯಾಂಕಿನ ಬುಡದಲ್ಲಿ, ಆ ಟ್ಯಾಂಕು ಈಗಲೇ ಕುಸಿದರೆ ಯಾರ ಮನೆಗೆ ಏನು ಸಿಗುತ್ತದೆಂದು ಲೆಕ್ಕ ಹೇಳಿದ. ಓಣಿ ಬಂತು. ಕಿಟಕಿ ಬಂತು. ಮೆಲ್ಲಿಯ ಸೊಂಟ ತನ್ನಷ್ಟಕ್ಕೆ ಬಗ್ಗಿತು. ಅತ್ತೆ ತನ್ನ ಪಕ್ಕದಲ್ಲೇ ಇರುವಾಗ ಅವಳ ಕಿಟಕಿಯ ಕೆಳಗೆ ಬಗ್ಗುವ ಅಗತ್ಯವಿಲ್ಲ ಎಂಬುದು ಸೊಂಟಕ್ಕೆ ಹೊಳೆದಿರಲಿಲ್ಲ.

"ಆ! ಇದು ಒಂದನೇ ವ್ಯಾಯಾಮ!" ಎಂದು ಜೀಪಿನಿಂದ ತಲೆ ಹೊರಹಾಕಿ ಅಧಿಕಾರಿ ಕೂಗಿದರು. "ಎಲ್ಲರೂ ಬಗ್ಗಿ!"

ಎಲ್ಲರೂ ಬಗ್ಗಿದರು.

ಅಲ್ಲಿಂದ ಮುಂದೆ ವಿಷಯ ಕೈಮೀರಿತು. ಅವಳ ಒಂದೊಂದು ಭಯಕ್ಕೂ ಪಾಲಿಕೆ ಒಂದೊಂದು ಹೆಸರಿಟ್ಟಿತು. ಕಂಬದ ಹಿಂದೆ ಅಡಗುವುದು 'ಸ್ಥಿರ ನಿಲುವು' ಆಯಿತು. ಹಿಂದುಹಿಂದಾಗಿ ನಡೆಯುವುದು 'ವಿಲೋಮ ನಡಿಗೆ'. ಮೂಲೆಯಲ್ಲಿ ಕತ್ತು ಚಾಚಿ ಆಚೆ ಈಚೆ ನೋಡುವುದು 'ಗ್ರೀವಾ ಚಲನೆ'. ಓಣಿಯ ಗೋಡೆಯ ಮೇಲೆ ಪಾಲಿಕೆಯ ಚಿತ್ರಗಾರ ಇವೆಲ್ಲದರ ಚಿತ್ರ ಬರೆದ. ಬೀದಿಯ ಜನ ಬಂದರು, ಪಕ್ಕದ ಬೀದಿಯವರು ಬಂದರು. ಕಂಬ ಒಂದೇ, ಜನ ನೂರು. ಕಂಬದ ಹಿಂದೆ ಜಾಗಕ್ಕಾಗಿ ಒಂದು ದಿನ ಇಬ್ಬರು ಹಿರಿಯರು ಕೈಕೈ ಮಿಲಾಯಿಸಿದರು. ಪಾಲಿಕೆ ಇನ್ನೆರಡು ಕಂಬ ಹಾಕಿಸಿತು, ದೀಪವಿಲ್ಲದ್ದು. ಮುಂಜಾನೆ ಕೆಲಸಕ್ಕೆ ಹೊರಟವರಿಗೆ ಇಡೀ ವಾರ್ಡು ಯಾರದೋ ಸಾಲ ಉಳಿಸಿಕೊಂಡು ತಲೆತಪ್ಪಿಸಿಕೊಂಡಂತೆ ಕಾಣುತ್ತಿತ್ತು.

ಮನೆಯಲ್ಲಂತೂ ಕೇಳುವುದೇ ಬೇಡ. ಕೆಲಸದ ಮೇಜಿನ ಮುಂದೆ ಎಂದೂ ತುಟಿ ಬಿಚ್ಚದ ಅಪ್ಪ ಈಗ ಕಣ್ಣು ಪರೀಕ್ಷೆಗೆ ಬಂದವರಿಗೆ ಅಕ್ಷರದ ಫಲಕ ಓದಿಸುವ ಬದಲು ಪತ್ರಿಕೆಯಲ್ಲಿ ಬಂದ ಮಗಳ ಫೋಟೊ ಹಿಡಿದು, "ಇದು ಕಾಣತ್ತಾ? ಕೆಳಗಿರೋ ಹೆಸರು?" ಎನ್ನುತ್ತಿದ್ದರು. ಅಮ್ಮ ಹಾಲಿನ ಅಂಗಡಿಯವನ ಬಳಿ ಕ್ಷಮೆ ಕೇಳಿ ಬಂದಳು. ಅವನು ಅದರ ಅರ್ಥವನ್ನೂ ಹುಡುಕತೊಡಗಿದ.

ಮೆಲ್ಲಿಗೆ ಊಟ ಸೇರುತ್ತಿರಲಿಲ್ಲ. ಅವಳು ತೂಕ ಇಳಿದಷ್ಟೂ ಯೋಜನೆಯ ಕೀರ್ತಿ ಏರಿತು. ಯಾರಾದರೂ ಒಬ್ಬರು, ಒಂದೇ ಒಂದು ಸಲ, ನೆಟ್ಟಗೆ ನಿಂತು ಆ ಕಂಬ ಎಲ್ಲಿದೆ, ಆ ಕಿಟಕಿ ಯಾರದು ಎಂದು ಯೋಚಿಸಿದರೆ ಸಾಕು, ಮುಗಿಯಿತು. ಲೆಕ್ಕದ ಮೇಷ್ಟ್ರು ಬೇರೆ ಇತ್ತೀಚೆಗೆ ಅವಳ ದಾರಿಯ ನಕ್ಷೆ ಬರೆದು, "ಇದರಲ್ಲೊಂದು ನಿಯಮ ಇದೆ ಕಣಮ್ಮ. ಕಂಡುಹಿಡಿದೇ ಹಿಡೀತೀನಿ," ಎನ್ನುತ್ತಿದ್ದರು. ಆ ಮಾತು ಕೇಳಿದಾಗಲೆಲ್ಲ ಅವಳಿಗೆ ಜೀವ ಬಾಯಿಗೆ ಬರುತ್ತಿತ್ತು.

ಆದರೆ ಅವಳ ನಿದ್ದೆ ಕೆಡಿಸಿದವಳು ಹೊಲಿಗೆ ಅತ್ತೆ. ಅತ್ತೆ ಪ್ರಶ್ನೆ ಕೇಳುವುದನ್ನು ಬಿಟ್ಟುಬಿಟ್ಟಿದ್ದಳು. ಒಂದು ದಿನ ಟ್ಯಾಂಕಿನ ಬಳಿ ಏದುಸಿರು ಬಿಡುತ್ತ ತಾನಾಗಿಯೇ ಹೇಳಿದಳು: "ರೆಡಿಮೇಡ್ ಬಂದ್ಮೇಲೆ ನನ್ನ ವರಾಂಡದ ಮುಂದೆ ಯಾರು ನಿಲ್ತಾರೆ ಹೇಳು? ಅದಕ್ಕೇ ಹೋಗೋರ್ನ ಬರೋರ್ನ ಏನಾದ್ರೂ ಕೇಳ್ತಿದ್ದೆ. ಬಯ್ಕೊಂಡಾದ್ರೂ ಒಂದು ಗಳಿಗೆ ನಿಲ್ತಿದ್ರು. ಈಗ ನೋಡು, ಕೇಳೋದೇ ಬೇಡ. ಎಲ್ಲಾ ಜೊತೇಲೇ ಇದಾರೆ." ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಮುಖ ಹಿಂಡಿದಳು. "ಒಂದನೇ ವ್ಯಾಯಾಮ ಒಂದೇ ಸ್ವಲ್ಪ ಕಷ್ಟ. ನಲವತ್ತು ವರ್ಷ ಮಿಷನ್ ತುಳಿದ ಸೊಂಟ ಅಲ್ವಾ. ಡಾಕ್ಟ್ರು ಬಗ್ಗಲೇಬೇಡಿ ಅಂದಿದ್ರು. ಆದ್ರೆ ಅವ್ರಿಗೇನು ಗೊತ್ತು? ನೀನು ಮಾಡ್ತೀಯ ಅಂದ್ರೆ ಒಳ್ಳೇದೇ ಇರ್ಬೇಕು."

ಮೆಲ್ಲಿ ಅಂದೇ ಪಾಲಿಕೆಯ ಕಚೇರಿಗೆ ಹೋದಳು. ಬಾಗಿಲ ಹೊರಗೆ ನಿಂತು ಹೇಳಬೇಕಾದ್ದನ್ನು ಗೋಡೆಗೆ ಹೇಳಿ ಹೇಳಿ ಅಭ್ಯಾಸ ಮಾಡಿ, ಒಳಗೆ ಕಾಲಿಟ್ಟಳು.

"ಸಾರ್, ಅದು... ಅದು ವ್ಯಾಯಾಮ ಅಲ್ಲ."

ಅಧಿಕಾರಿ ಪೆನ್ನು ಕೆಳಗಿಟ್ಟರು. ಅವಳನ್ನೇ ದಿಟ್ಟಿಸಿ ನೋಡಿದರು. "ಏನಂದೆ?"

"ವ್ಯಾಯಾಮ ಅಲ್ಲ ಸಾರ್. ನಾನು ಸುಮ್ನೆ..."

"ವ್ಯಾಯಾಮ ಅಲ್ಲ!" ಅವರು ಎದ್ದು ನಿಂತರು. "ಬದುಕೋ ರೀತಿ! ಆಹಾ! ಬದುಕೋ ರೀತಿ! ಏನ್ ಮಾತಮ್ಮಾ ಇದು! ಇದನ್ನ ಬ್ಯಾನರಿಗೆ ಹಾಕಿಸ್ತೀನಿ. ಭಾನುವಾರ ಮೇಯರ್ ಬರ್ತಿದಾರೆ, ಓಣಿ ಉದ್ಘಾಟನೆಗೆ. ಇದನ್ನೇ ಅವ್ರ ಮುಂದೆ ಹೇಳ್ಬಿಡು."

"ಅಲ್ಲ ಸಾರ್, ಹೊಲಿಗೆ ಅತ್ತೆಗೆ ಸೊಂಟ..."

"ಸೊಂಟ ವಾಸಿ ಆಯ್ತಾ? ಅದನ್ನೂ ಹಾಕಿಸ್ತೀನಿ!"

ಭಾನುವಾರ ಬೆಳಗ್ಗೆ ಓಣಿಯ ಎರಡೂ ತುದಿಗೆ ಬಟ್ಟೆಯ ಬ್ಯಾನರುಗಳು. 'ಇದು ವ್ಯಾಯಾಮ ಅಲ್ಲ, ಬದುಕುವ ರೀತಿ' ಎಂಬುದರ ಕೆಳಗೆ ಕಿತ್ತಳೆ ಬಣ್ಣದ ಒಂದು ಹುಡುಗಿ ಕಂಬದ ಹಿಂದೆ ನಿಂತ ಚಿತ್ರ. ಮೇಯರ್ ಬಂದರು, ರಿಬ್ಬನ್ ಕತ್ತರಿಸಿದರು, ಚಲನೆಯ ಮಹತ್ವದ ಬಗ್ಗೆ ಎಲ್ಲರ ಕಾಲು ಜೋಮು ಹಿಡಿಯುವವರೆಗೆ ಮಾತಾಡಿದರು. ಅಪ್ಪ ಮುಂದಿನ ಸಾಲಿನಲ್ಲಿ ತಮ್ಮ ಕನ್ನಡಕವನ್ನು ಮತ್ತೆ ಮತ್ತೆ ಒರೆಸಿಕೊಳ್ಳುತ್ತಿದ್ದರು. ಮೆಲ್ಲಿಗೆ ಕಿವಿಯಲ್ಲಿ ಗುಂಯ್ ಎನ್ನುವುದು ಬಿಟ್ಟರೆ ಏನೂ ಕೇಳಿಸುತ್ತಿರಲಿಲ್ಲ. ಇಷ್ಟು ಕಣ್ಣುಗಳು ಒಟ್ಟಿಗೆ ತನ್ನ ಮೇಲಿರುವುದು ಅವಳ ಜೀವಮಾನದಲ್ಲಿ ಇದೇ ಮೊದಲು. ಓಡೋಣವೆಂದರೆ ಅಡಗುವ ಜಾಗಗಳಿಗೆಲ್ಲ ಪಾಲಿಕೆ ಬಣ್ಣ ಬಳಿದು ಹೆಸರು ಬರೆದಿತ್ತು.

"ಈಗ ಒಂದನೇ ವ್ಯಾಯಾಮ!" ಅಧಿಕಾರಿ ಮೈಕಿನಲ್ಲಿ ಘೋಷಿಸಿದರು. "ಈ ಮನೆಯ ಒಡತಿ, ನಮ್ಮ ಹಿರಿಯ ಹೊಲಿಗೆಯಮ್ಮ, ನಾಯಕಿಯ ಪಕ್ಕ ನಿಲ್ತಾರೆ. ನಿಯಮ ಗೊತ್ತಲ್ಲ? ನಾಯಕಿ ಬಗ್ಗಿದಾಗ ಎಲ್ಲರೂ ಬಗ್ಗಬೇಕು. ನಾಯಕಿ ಎದ್ದ ಮೇಲೆ ನಾನು ಹೇಳ್ತೀನಿ, ಆಮೇಲೆ ಏಳಬೇಕು. ಮೇಯರ್ ಸಾಹೇಬ್ರೂ ಅಷ್ಟೇ, ಕ್ಷಮಿಸ್ಬೇಕು."

ಮೆಲ್ಲಿ ಬಗ್ಗಿದಳು. ಇಡೀ ಓಣಿ ಬಗ್ಗಿತು. ಮೇಯರ್ ಬಗ್ಗಿದರು, ಅವರ ಹಿಂದೆ ಅವರ ಕಾರ್ಯದರ್ಶಿ, ಕಾರ್ಯದರ್ಶಿಯ ಹಿಂದೆ ಜೀಪಿನ ಡ್ರೈವರ್. ಅಧಿಕಾರಿ ಕೂಡ ಮೈಕು ಹಿಡಿದೇ ಹೊಟ್ಟೆ ಅಡ್ಡ ಬಂದಷ್ಟು ಬಗ್ಗಿದರು.

ಪಕ್ಕದಲ್ಲಿ 'ಕಟ್' ಎಂದು ಸಣ್ಣ ಸದ್ದಾಯಿತು.

"ಮೆಲ್ಲೀ," ಎಂದಳು ಅತ್ತೆ, ಹಲ್ಲು ಕಚ್ಚಿಕೊಂಡು. "ಸೊಂಟ ಹಿಡ್ಕೊಂಡ್ಬಿಡ್ತು ಕಣೇ."

"ಅಯ್ಯೋ! ಗೋಡೆ ಹಿಡ್ಕೊಂಡು ನಿಧಾನಕ್ಕೆ ಎದ್ದುಬಿಡಿ ಅತ್ತೆ."

"ಉಹೂಂ, ಉಹೂಂ. ಮೇಯರ್ ಮುಂದೆ ನಾನು ಎದ್ದುಬಿಟ್ರೆ ನಿನ್ನ ವ್ಯಾಯಾಮದ ಮರ್ಯಾದೆ ಏನಾಗ್ಬೇಕು? ನಿಮ್ಮಪ್ಪ ನೋಡ್ತಿದಾರೆ. ತಡ್ಕೋತೀನಿ." ಅತ್ತೆಯ ಹಣೆಯಿಂದ ಬೆವರು ಜಾರಿ ಮೂಗಿನ ತುದಿಯಲ್ಲಿ ನಿಂತಿತ್ತು. "ಇದು ಮೈಯಲ್ಲಿ ಯಾವುದಕ್ಕೆ ಒಳ್ಳೇದು ಅಂತ ಒಂದು ಸಲ ಹೇಳೇ. ಅದನ್ನ ನೆನೆಸ್ಕೊಂಡು ತಡ್ಕೋತೀನಿ."

'ಹೂಂ' ಎಂದು ಹೇಳಿ ಮುಗಿಸಬಹುದಾದ ಪ್ರಶ್ನೆಯಾಗಿರಲಿಲ್ಲ ಅದು. ಸಂಜೆ ಬಟ್ಟೆ ಮಡಚುವವರೆಗೆ ಕಾಯುವಂಥದ್ದೂ ಅಲ್ಲ.

ಮೆಲ್ಲಿ ನೆಟ್ಟಗೆ ಎದ್ದು ನಿಂತಳು.

ಅವಳ ಮುಂದೆ ಓಣಿಯ ಈ ತುದಿಯಿಂದ ಆ ತುದಿಯವರೆಗೆ ಬರೀ ಬೆನ್ನುಗಳು. ಮೇಷ್ಟ್ರ ಬೆನ್ನು, ಮಾವನ ಬೆನ್ನು, ಅಮ್ಮ ಅಪ್ಪನ ಬೆನ್ನು, ಉದ್ಘಾಟನೆಗೆಂದು ಇಸ್ತ್ರಿ ಮಾಡಿಸಿದ್ದ ಮೇಯರರ ಬೆನ್ನು. ಊರಿಗೆ ಊರೇ ನೆಲ ನೋಡುತ್ತಿತ್ತು. ಒಂದು ಜೊತೆ ಕಣ್ಣು ಮಾತ್ರ ಕಷ್ಟಪಟ್ಟು ಕತ್ತು ಹೊರಳಿಸಿ ಕೆಳಗಿನಿಂದ ಅವಳನ್ನೇ ನೋಡುತ್ತಿತ್ತು, ಉತ್ತರಕ್ಕಾಗಿ. ಯಾವ ಕಣ್ಣಿಗೆ ಬೀಳಬಾರದೆಂದು ಅವಳು ಇಷ್ಟು ದಿನ ಇಲ್ಲಿ ಬಗ್ಗಿದ್ದಳೋ ಅದೇ ಕಣ್ಣು.

"ಯಾವುದಕ್ಕೂ ಒಳ್ಳೇದಲ್ಲ ಅತ್ತೆ," ಎಂದಳು ಮೆಲ್ಲಿ. ಓಣಿಯ ಕೊನೆಯ ಬೆನ್ನಿಗೂ ಕೇಳಿಸುವಷ್ಟು ಗಟ್ಟಿಯಾಗಿ. "ನೀವು ನನ್ನ ನೋಡಬಾರದು ಅಂತ ಬಗ್ಗಿ ಹೋಗ್ತಿದ್ದೆ. ಎದ್ದೇಳಿ."